ಪೋಷಕಾಂಶ ಪಂಡಿತನ ಅಪ್ಪ

ಮುದುಕ ಬದುಕಿನುದ್ದಕ್ಕೂ ಲೇತ್ ಮೆಷಿನ್ ಮುಂದೆ ನಿಂತು ಮನೆ ನಡೆಸಿದವನು. ಅವನಿಗೆ ಹುಟ್ಟಿದ್ದು ಒಬ್ಬನೇ ಮಗ. ಟೈಲ್ಸ್ ಅಂಗಡಿಯಲ್ಲಿ ಗಿರಾಕಿಗಳಿಗೆ ಬಚ್ಚಲುಮನೆಯ ಟೈಲ್ಸ್ ತೋರಿಸುವುದು ಅವನ ಕೆಲಸ. ಆಹಾರದ ವಿಷಯದಲ್ಲಿ ಅವನಿಗೆ ಬರುತ್ತಿದ್ದುದು ತಿನ್ನುವುದೊಂದೇ. ಅಂಥವನು ಒಂದು ದಿನ ಆಹಾರ, ಪೋಷಕಾಂಶ ಎಂದು ಬ್ಲಾಗ್ ಶುರುಮಾಡಿಬಿಟ್ಟ. ಮಾರನೆಯ ದಿನದಿಂದಲೇ ಲೋಕಕ್ಕೆಲ್ಲ ಅಪ್ಪಣೆ: ಇದು ತಿನ್ನಿ, ಅದು ಬಿಡಿ.

'ಸಕ್ಕರೆ ಬಿಳಿ ವಿಷ' ಎಂದು ಬರೆದ ದಿನ ಮನೆಯ ಸಕ್ಕರೆಯನ್ನೆಲ್ಲ ಕಸಕ್ಕೆ ಸುರಿದ. ಬೆಲ್ಲ, ಜೇನುತುಪ್ಪವೂ ಹಿಂದೆಯೇ ಹೋದವು.

"ರೀ, ಮಾವ ಇನ್ಸುಲಿನ್ ತಗೊಳ್ಳೋರು. ಶುಗರ್ ತೀರಾ ಇಳಿದ್ರೆ ಕೊಡೋಕೆ ಮನೇಲಿ ಸ್ವಲ್ಪ ಸಕ್ಕರೆ ಇರಲೇಬೇಕು ಅಂತ ಡಾಕ್ಟ್ರು ಹೇಳಿಲ್ವಾ?" ಎಂದಳು ಹೆಂಡತಿ.

"ಡಾಕ್ಟ್ರಿಗೇನು ಗೊತ್ತು? ಅವರು ಓದಿರೋದು ಔಷಧಿ, ಆಹಾರ ಅಲ್ಲ."

ಹೇಳಿದವನು ಟೈಲ್ಸ್ ಮಾರುವವನು!

ಇದರ ಮೇಲೆ ಫೋಟೋ ಹುಚ್ಚು. ಎದುರು ಕಟ್ಟಡದ ನೆರಳು ಸರಿದು ಕಿಟಕಿಗೆ ಬೆಳಕು ಬರುವಷ್ಟರಲ್ಲಿ ಊಟದ ಹೊತ್ತು ಮೀರುತ್ತಿತ್ತು. ಫೋಟೋ ಆಗುವ ತನಕ ಯಾರೂ ಪಾತ್ರೆಗೆ ಸೌಟು ಹಾಕುವಂತಿಲ್ಲ. ಕೆದಕಿದರೆ ಅಂದ ಕೆಡುತ್ತದಂತೆ!

ಒಂದು ಭಾನುವಾರ ಮುದುಕ ಎಂದಿನಂತೆ ಊಟಕ್ಕೆ ಮುಂಚಿನ ಇನ್ಸುಲಿನ್ ಸೂಜಿ ಚುಚ್ಚಿಕೊಂಡು ಬಂದು ಕೂತ. ಬೇಯಿಸಿದ ತರಕಾರಿ, ಮೊಟ್ಟೆ ಕಿಟಕಿಯ ಬಳಿ ಟೈಲ್ಸ್ ತುಂಡಿನ ಮೇಲೆ ವಿರಾಜಮಾನವಾಗಿದ್ದವು. ಮೇಲೆ ಮೋಡ.

"ಏನೋ, ಊಟ ಹಾಕಿಸ್ತೀಯೋ ಇಲ್ವೋ?"

"ಒಂದೇ ನಿಮಿಷ ಅಪ್ಪಾ, ಮೋಡ ಸರೀಲಿ."

"ನನ್ನ ಹೊಟ್ಟೆಗೂ ಮೋಡಕ್ಕೂ ಏನೋ ಸಂಬಂಧ, ಬೇಕೂಫ?"

ಮೋಡ ಸರಿಯಲಿಲ್ಲ. ಮುದುಕನ ಕೈ ನಡುಗತೊಡಗಿತು, ಹಣೆಯಲ್ಲಿ ಬೆವರೊಡೆಯಿತು. ಮತ್ತೇನೋ ಬೈಯಲು ಬಾಯಿ ತೆರೆದ, ನಾಲಿಗೆ ಹೊರಳಲಿಲ್ಲ. ಹಾಗೇ ಕುರ್ಚಿಯಿಂದ ಜಾರಿದ.

ಸೊಸೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತಡಕಿದಳು. ಆ ಮನೆಯಲ್ಲಿ ಸಿಹಿ ಎನ್ನುವುದು ಇದ್ದರಲ್ಲವೇ? ಬರಿಗಾಲಲ್ಲಿ ಪಕ್ಕದ ಮನೆಗೆ ಓಡಿದಳು. ಪಕ್ಕದ ಮನೆಯ ಟೈಲರಮ್ಮ ಸಕ್ಕರೆ ಡಬ್ಬಿಯನ್ನೇ ಎತ್ತಿಕೊಂಡು ಬಂದು, ನೀರಿನಲ್ಲಿ ಕದಡಿ, ಮುದುಕನ ತಲೆ ಎತ್ತಿ ಹಿಡಿದು ಗುಟುಕು ಗುಟುಕಾಗಿ ಕುಡಿಸಿದಳು. ಪಂಡಿತ ಮಗ ಮೊಬೈಲು ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದ.

"ಯಾಕಪ್ಪಾ ಸುಮ್ನೆ ನಿಂತ್ಕೊಂಡಿದೀಯ? ಇದನ್ನೂ ಫೋಟೋ ತೆಗಿ," ಎಂದಳು ಟೈಲರಮ್ಮ.

ಮುದುಕ ಕಣ್ಣು ಬಿಟ್ಟ. ಮಗನಿಗೆ ನಾಚಿಕೆಯಾಯಿತು ಅಂದುಕೊಂಡಿರಾ? ಸಂಜೆಗೆಲ್ಲ ಬ್ಲಾಗಿನಲ್ಲಿ ಹೊಸ ಲೇಖನ: 'ಶುಗರ್ ಇರುವ ಹಿರಿಯರನ್ನು ಊಟಕ್ಕೆ ಕಾಯಿಸಬೇಡಿ.' ಕೆಳಗೆ ಹೊಗಳಿಕೆಯೋ ಹೊಗಳಿಕೆ. ಇಂಥ ಮಗನನ್ನು ಪಡೆಯಲು ಪುಣ್ಯ ಮಾಡಿರಬೇಕಂತೆ.

ಸೊಸೆ ಓದಿ ಹೇಳಿದಾಗ ಮುದುಕ ಥೂ ಎಂದ. "ಕೇಳಮ್ಮಾ, ನಾಳೆಯಿಂದ ತಟ್ಟೆ ಮುಂದೆ ಬಂದ ಮೇಲೇ ನಾನು ಸೂಜಿ ಮುಟ್ಟೋದು. ನಾವಿಬ್ರೂ ಬಿಸಿಬಿಸಿ ಉಣ್ಣೋಣ. ಮಿಕ್ಕಿದ್ದನ್ನ ಬೇಕಿದ್ರೆ ಅವನು ಬೆಳಕಲ್ಲಿಟ್ಟು ಪೂಜೆ ಮಾಡ್ಲಿ."

ಹಾಗೇ ಆಯಿತು. ಪಂಡಿತನ ಪಾಲಿಗೆ ಉಳಿದದ್ದು ತಳದ ಎರಡು ಚಮಚ ತರಕಾರಿ. ಅದನ್ನೇ ದೊಡ್ಡ ತಟ್ಟೆಯ ನಡುವೆ ಇಟ್ಟು ಫೋಟೋ ಹೊಡೆದು, ಅಡಿಯಲ್ಲಿ ಬರೆದ: 'ಮಿತವಾಗಿ ತಿನ್ನಿ.'