ಬಿದ್ದವಳ ಕಾಲು ಬಿಡಬೇಡಿ

ಮದುವೆಗೆ ಮುಂಚೆ ನಾನು ಮೈಸೂರಿನಲ್ಲಿ ಕಾಲೇಜ್ ಟೀಮಿನ ಕಬಡ್ಡಿ ಆಟಗಾರ್ತಿ. ರೈಡ್‌ಗೆ ಬಂದವಳ ಕಾಲು ನನ್ನ ಕೈಗೆ ಸಿಕ್ಕಿತೆಂದರೆ ಮುಗಿಯಿತು, ಉಡದ ಹಿಡಿತ. ಗಂಡನ ಬ್ಯಾಂಕ್ ಕೆಲಸದಿಂದಾಗಿ ನೈರೋಬಿಗೆ ಬಂದಮೇಲೆ ಕಿಲಿಮಾನಿ ಬಡಾವಣೆಯ ಫ್ಲ್ಯಾಟಿನಲ್ಲಿ ಹಿಡಿಯಲು ಸಿಗುತ್ತಿದ್ದದ್ದು ಟಿವಿ ರಿಮೋಟ್ ಒಂದೇ. ಹಾಗಾಗಿ, ಹತ್ತಿರದ ಕಾಲೇಜಿನ ಹುಡುಗಿಯರಿಗೆ ಕಬಡ್ಡಿ ಕೋಚ್ ಬೇಕಂತೆ ಎಂದು ಕಿವಿಗೆ ಬಿದ್ದಕೂಡಲೇ ಓಡಿದೆ. ಅಲ್ಲಿನ ಕ್ರೀಡಾಧಿಕಾರಿ ಖಡಾಖಂಡಿತವಾಗಿ ಹೇಳಿದರು: ಟರ್ಮ್ ಮುಗಿಯುವುದರೊಳಗೆ ಒಂದು ಪಂದ್ಯವಾದರೂ ಗೆಲ್ಲಬೇಕು, ಇಲ್ಲದಿದ್ದರೆ ಟೀಮ್ ಬಂದ್.

ಹುಡುಗಿಯರೋ, ಅಬ್ಬಬ್ಬಾ, ಗಟ್ಟಿಗಿತ್ತಿಯರು! ಆದರೆ ಒಂದು ಚಾಳಿ. ಈ ಊರಲ್ಲಿ ಯಾರು ಎಡವಿಬಿದ್ದರೂ ಸುತ್ತಲಿದ್ದವರು 'ಪೋಲೆ' ಅನ್ನುತ್ತಾರೆ, ನಾವು ಅಯ್ಯೋ ಪಾಪ ಅಂದಹಾಗೆ. ನನ್ನ ಹುಡುಗಿಯರು ಎದುರಾಳಿಯ ಕಾಲು ಹಿಡಿದು ಕೆಡವುತ್ತಿದ್ದರು, 'ಪೋಲೆ, ಪೋಲೆ' ಎನ್ನುತ್ತ ಕಾಲು ಬಿಟ್ಟು ಎಬ್ಬಿಸಲು ಹೋಗುತ್ತಿದ್ದರು. ಅವಳು ಮಧ್ಯದ ಗೆರೆ ಮುಟ್ಟಿ ಪಾಯಿಂಟ್ ಹೊಡೆದುಕೊಳ್ಳುತ್ತಿದ್ದಳು. ಸೋತೆವು, ಮತ್ತೆ ಸೋತೆವು. ನನಗೆ ಮೈಯೆಲ್ಲ ಉರಿ.

"ಅವಳೇನು ನಿಮ್ಮ ಅತ್ತೆ ಮಗಳಾ?" ಎಂದು ಇಂಗ್ಲಿಷಿನಲ್ಲೇ ರೇಗಿದೆ.

"ಬಿದ್ದೋರಿಗೆ ಪೋಲೆ ಅನ್ನದಿದ್ರೆ ನಮ್ಮಮ್ಮ ಬೈತಾರೆ ಕೋಚ್," ಅಂದಳು ಕ್ಯಾಪ್ಟನ್.

"ಅನ್ರೇ, ನೂರು ಸಲ ಅನ್ನಿ. ಕಾಲು ಮಾತ್ರ ಬಿಡ್ಬೇಡಿ!"

ಅಂದಿನಿಂದ ನಾನೇ ರೈಡ್ ಹೋಗಿ ಅವರ ಕೈಗೆ ಸಿಕ್ಕಿ ಬೀಳತೊಡಗಿದೆ. ಕುಂಟುತ್ತ ಮನೆಗೆ ಬಂದರೆ ಗಂಡ, "ಏನೇ, ಮಟಾಟು ಬಸ್ಸು ಗುದ್ದಿತಾ?" ಎಂದು ನಗುತ್ತಿದ್ದ. ಸಿಟ್ಟು ಬರುತ್ತಿತ್ತು, ಆದರೂ ಅಷ್ಟು ಖುಷಿಯಾಗಿ ಮೈ ನೋಯಿಸಿಕೊಂಡು ಎಷ್ಟೋ ವರ್ಷವಾಗಿತ್ತು.

ಟರ್ಮಿನ ಕೊನೆಯ ಪಂದ್ಯ. ನಾವು ಒಂದೇ ಪಾಯಿಂಟ್ ಮುಂದೆ, ಕೊನೆಯ ರೈಡ್ ಅವರದು. ಬಂದವಳು ನಮ್ಮ ಇಬ್ಬರನ್ನು ಮುಟ್ಟಿ ತಿರುಗಿದಳು. ಗೆರೆ ದಾಟಿದರೆ ನಮ್ಮ ಕಥೆ ಮುಗಿಯಿತು. ಅಷ್ಟರಲ್ಲಿ ಕ್ಯಾಪ್ಟನ್ ಹಾರಿ ಅವಳ ಪಾದ ಹಿಡಿದಳು. ಅವಳು ಧೊಪ್ಪನೆ ಬಿದ್ದಳು. 'ಪೋಲೆ!' ಎಂದು ಏಳೂ ಹುಡುಗಿಯರು ಒಟ್ಟಿಗೆ ಕೂಗಿದರು. ಕೂಗುತ್ತಲೇ ಅವಳ ಮೇಲೆ ಬಿದ್ದು ಅವುಚಿ ಹಿಡಿದರು. ಸೀಟಿ ಊದುವವರೆಗೂ ಒಂದು ಕೈಯೂ ಸಡಿಲವಾಗಲಿಲ್ಲ.

ಕ್ರೀಡಾಧಿಕಾರಿ ಬಂದು ಕೈಕುಲುಕಿ, ಸೋಮವಾರದಿಂದ ಮತ್ತೆ ಪ್ರಾಕ್ಟೀಸ್ ಶುರು ಮಾಡಿ ಅಂದರು. ನನಗೆ ಅಳು ಉಕ್ಕಿ ಬಂತು. ಹುಡುಗಿಯರೆದುರು ಅತ್ತರೆ ಮರ್ಯಾದೆ ಏನಾಗಬೇಕು? ಅವರತ್ತ ತಿರುಗಿ ಗಟ್ಟಿ ದನಿಯಲ್ಲಿ, "ಸೋಮವಾರ ಯಾರಾದ್ರೂ ಲೇಟಾಗಿ ಬನ್ನಿ, ಗ್ರೌಂಡೆಲ್ಲಾ ಓಡಿಸ್ತೀನಿ!" ಎಂದು ಕನ್ನಡದಲ್ಲೇ ಗದರಿದೆ. ಒಂದಕ್ಷರ ಅರ್ಥವಾಗದಿದ್ದರೂ ಎಲ್ಲರೂ ನಗುತ್ತ, ಆಯ್ತು ಎನ್ನುವಂತೆ, "ಸವಾ, ಕೋಚ್!" ಅಂದರು.