ನರ್ಸಮ್ಮ ಬರೆದ ಪಟ್ಟಿ

ನರ್ಸಮ್ಮನ ಬಲ ಮುಂಗೈ ಮೇಲೆ ಹಲ್ಲಿನ ಗುರುತಿತ್ತು. ಎಂಟು ಹಲ್ಲು, ಎಣಿಸಬಹುದಿತ್ತು. ಬನಶಂಕರಿಯ ನಮ್ಮ ವಠಾರದಲ್ಲಿ ಅವರದು ಪಕ್ಕದ ಮನೆ. ರಿಟೈರಾಗಿ ಇಪ್ಪತ್ತು ವರ್ಷವಾದರೂ ಬಿಳಿ ಸೀರೆ ಬಿಟ್ಟಿರಲಿಲ್ಲ. ಮುದುಕಿಯಾದ ಮೇಲೆ ನನಗೆ ಅಕ್ಷರ ಕೂಡಿಸಲು ಕಲಿಸಿದ್ದು ಅವರೇ, ಬೈದು ಬೈದು.

"ನಾಯಿ ಕಚ್ಚಿತಾ?" ಎಂದು ಒಮ್ಮೆ ಕೇಳಿದೆ.

"ಹೆಂಗ್ಸು ಕಣೇ. ಮಕ್ಕಳಾಗ್ದಂಗೆ ಆಪರೇಷನ್ ಮಾಡೋ ಕ್ಯಾಂಪಲ್ಲಿ. ನಾನು ಅವಳ ಕೈ ಅಮುಕಿ ಹಿಡ್ಕೊಂಡಿದ್ದೆ."

ಯಾರಿಗೆ ಮಾಡಬೇಕೆಂದು ಪಟ್ಟಿ ಬರೆದದ್ದೂ ಅವರೇ. ಗುಡಿಸಲಿನವರು, ಕೂಲಿಯವರು, ಬುದ್ಧಿ ಮಂದವಾದವರು. "ದೊಡ್ಡ ಮನೆ ಬಾಗಿಲು ಒಂದ್ಸಲಾನೂ ತಟ್ಟಲಿಲ್ಲ. ಯಾರು ತಿರುಗಿ ಕೇಳಲ್ವೋ ಅವರ ಹೆಸರು ಬರೀತಿದ್ದೆ" ಎಂದರು.

ಹಳೇ ಕಥೆ ಎಂದುಕೊಂಡೆ.

ನನ್ನ ಮೊಮ್ಮಗಳಿಗೆ ಹತ್ತೊಂಬತ್ತು. ತಾಯಿ ಇಲ್ಲ, ಬುದ್ಧಿ ನಿಧಾನ. ತಿಂಗಳ ಮುಟ್ಟು ನೋಡಿಕೊಳ್ಳುವುದು ನನ್ನ ಕೈಲಾಗುತ್ತಿರಲಿಲ್ಲ. ಯಾರಾದರೂ ಕೆಡಿಸಿಬಿಟ್ಟರೆ ಎಂಬ ಹೆದರಿಕೆ ಬೇರೆ. ಗರ್ಭಕೋಶ ತೆಗೆಸಿಬಿಡೋಣ ಎಂದು ಮಗನಿಗೆ ಹೇಳಿದವಳು ನಾನೇ. ಅವನು ಆಸ್ಪತ್ರೆಯ ಫಾರಂ ತಂದ. ಇಂಗ್ಲಿಷಿನಲ್ಲಿತ್ತು, ಓದಿ ಹೇಳಿ ಎಂದು ನರ್ಸಮ್ಮನಿಗೆ ಕೊಟ್ಟೆ.

ಅವರು ಓದಲಿಲ್ಲ. "ಅವಳನ್ನ ಕೇಳಿದ್ಯಾ?"

"ಅವಳಿಗೇನು ಗೊತ್ತಾಗುತ್ತೆ?"

"ಕ್ಯಾಂಪಲ್ಲಿ ನಾವೂ ಹಂಗೇ ಅಂದಿದ್ವಿ."

ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ಹೊಟ್ಟೆ ತೋರಿಸಿ, ಬಿಡಿಸಿ ಬಿಡಿಸಿ ಹೇಳಿದರು. ಅವಳು ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು, "ಬೇಡ. ನಂದು" ಎಂದಳು. ನರ್ಸಮ್ಮ ಫಾರಂ ಹರಿದು ಹಾಕಿದರು. ಸಿಟ್ಟಿನಲ್ಲಿ ನಾನು ಅವರ ಜೊತೆ ಮಾತು ಬಿಟ್ಟೆ. ಅವರು ಮಾತ್ರ ದಿನಾ ಬಂದು ಹುಡುಗಿಗೆ ಪ್ಯಾಡ್ ಇಟ್ಟುಕೊಳ್ಳುವುದು ಕಲಿಸಿದರು. ಮೂರು ತಿಂಗಳು ಹಿಡಿಯಿತು. ಕಲಿತಳು. ನಾನೂ ಅವರನ್ನು ಮತ್ತೆ ಮಾತಾಡಿಸಿದೆ.

ಆಮೇಲೆ ಎಲೆಕ್ಷನ್ ಬಂತು. ಬೀದಿ ಕೊನೆಯಲ್ಲಿ ಮೈಕು ಹಿಡಿದವನೊಬ್ಬ, "ಎರಡಕ್ಕಿಂತ ಜಾಸ್ತಿ ಹೆತ್ತೋರಿಗೆ ರೇಷನ್ ಇಲ್ಲ! ಬುದ್ಧಿ ಸರಿಯಿಲ್ದೋರು ಹೆತ್ರೆ ದೇಶಕ್ಕೇ ಭಾರ, ಅದಕ್ಕೂ ಕಾನೂನು ತರ್ತೀವಿ!" ಎಂದು ಕೂಗಿದ. ಜನ ಚಪ್ಪಾಳೆ ತಟ್ಟಿದರು. ನನ್ನ ಮಗನೂ ತಟ್ಟಿದ.

ಹಾಸಿಗೆ ಹಿಡಿದಿದ್ದ ನರ್ಸಮ್ಮನಿಗೆ ಅದು ಕಿಟಕಿಯಿಂದ ಕೇಳಿಸಿತು. "ಈಗ ನನ್ನಂಥೋಳು ಮನೆ ಮನೆ ತಿರುಗೋದೂ ಬೇಕಿಲ್ಲ ಕಣೇ. ಎಲ್ಲರ ಹೆಸರೂ ಕಂಪ್ಯೂಟರಲ್ಲೇ ಇದೆ" ಎಂದರು. ಹತ್ತು ದಿನಕ್ಕೆ ಸತ್ತರು. ನಾನು ಅಳಲಿಲ್ಲ.

ಮೊನ್ನೆ ಮಗ ಇನ್ನೊಂದು ಫಾರಂ ತಂದ. "ಕಾನೂನು ಬಂದ್ಮೇಲೆ ಹೆಂಗೂ ಮಾಡಿಸ್ಲೇಬೇಕಲ್ಲಮ್ಮ. ಈಗ್ಲೇ ಮುಗಿಸ್ಬಿಡೋಣ."

"ಅವಳನ್ನ ಕೇಳು" ಎಂದೆ.

ಕೇಳಲಿಲ್ಲ. ಅವನ ಎದುರಿಗೇ ನಾನು ಕೇಳಿದೆ. ಬೇಡ ಎಂದಳು.

ಅವನು ಫಾರಂ ಮಡಚಿ ಜೇಬಿನಲ್ಲಿ ಇಟ್ಟುಕೊಂಡ. "ಇರ್ಲಿ ಬಿಡು, ನೋಡೋಣ" ಎಂದ.

ನನಗೀಗ ಎಪ್ಪತ್ತಾರು.