ಬದುವಿನ ಆಚೆಯ ಅವರೆ

ನನ್ನ ಓರಗಿತ್ತಿ ಸೋಮಾರಿ. ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ ಅಂತ ನೀವು ಅಂದುಕೊಳ್ಳಬಹುದು. ಹೊಟ್ಟೆಕಿಚ್ಚಿಗೇ ಹೇಳುತ್ತಿದ್ದೇನೆ. ಆದರೂ ಅವಳು ಸೋಮಾರಿ, ಇದು ಮೂಡಲಪಾಳ್ಯದ ನಮ್ಮ ಬೀದಿಗೆಲ್ಲ ಗೊತ್ತಿರುವ ಸಂಗತಿ. ಒಣಗಿದ ಬಟ್ಟೆಯನ್ನು ತಾರಸಿಯಿಂದ ತರುವುದಿಲ್ಲ, ಅಕ್ಕಿ ಆರಿಸದೆ ಕುಕ್ಕರಿಗೆ ಹಾಕುತ್ತಾಳೆ, ಊಟಕ್ಕೆ ಕೂತವರ ಬಾಯಿಗೆ ಕಲ್ಲು ಸಿಕ್ಕರೆ ತಾನೇ ಮೊದಲು ನಗುತ್ತಾಳೆ. ಅವರೂ ನಗುತ್ತಾರೆ. ನಾನು ಮಾಡಿದ ಅನ್ನದಲ್ಲಿ ಕಲ್ಲು ಸಿಕ್ಕಿದ್ದರೆ ಮನೆಯೇ ಎದ್ದು ಕೂತಿರುತ್ತಿತ್ತು.

ಅವಳದು ಮಹಡಿ ಮೇಲಿನ ಮನೆ, ನಮ್ಮದು ಕೆಳಗೆ. ಅತ್ತೆ ನಮ್ಮ ಜೊತೆ ಇದ್ದಾರೆ. ಆದರೆ ಸಂಜೆ ಅವಳು ನಾಗರಬಾವಿಯ ಕಾಲೇಜು ಆಫೀಸಿನಿಂದ ಬಂದ ಸದ್ದು ಕೇಳಿದರೆ ಸಾಕು, ಮಂಡಿನೋವು ಮರೆತು ಮೆಟ್ಟಿಲು ಹತ್ತುತ್ತಾರೆ. ನನ್ನ ಕಾಫಿ ಗಟ್ಟಿಯಂತೆ, ಅವಳದು ಹದವಂತೆ.

ನನ್ನದು ವಿಜಯನಗರದಲ್ಲಿ ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ. ಸೀರೆಯ ಬಣ್ಣಕ್ಕೆ ದಾರ ಒಂದು ಎಳೆ ಆಚೀಚೆ ಆದರೂ ನನ್ನ ಕಣ್ಣಿಗೆ ಚುಚ್ಚುತ್ತದೆ. ಎಲ್ಲವೂ ಒಂದಕ್ಕೊಂದು ಹೊಂದಬೇಕು ನನಗೆ. ಈ ಗುಣ ಅಂಗಡಿಯಲ್ಲಿ ನನಗೆ ಹೆಸರು ತಂದಿತು. ಹೊಲದಲ್ಲಿ ಏನು ತಂದಿತು ಅನ್ನುವುದೇ ಈ ಕತೆ.

ಹೊಲ ಅಂದರೆ ಕೆಂಗೇರಿಯ ಆಚೆ ಉಳಿದಿರುವ ಒಂದು ತುಂಡು. ಮಾವನವರ ಕಾಲದ ಜಮೀನೆಲ್ಲ ಸೈಟುಗಳಾಗಿ, ಮನೆಗಳಾಗಿ, ಬಾಡಿಗೆಗಳಾಗಿ ಹೋದ ಮೇಲೆ ಇದೊಂದು ಉಳಿಯಿತು. ಅಣ್ಣತಮ್ಮಂದಿರು ಭಾಗ ಮಾಡಿಕೊಂಡು ನಡುವೆ ಒಂದು ಬದು ಹಾಕಿದರು, ಆಮೇಲೆ ಇಬ್ಬರೂ ಆ ಕಡೆ ತಲೆ ಹಾಕಲಿಲ್ಲ. ಸೊಸೆಯರು ನಾವು ಹೋಗುತ್ತೇವೆ. ಭಾನುವಾರ ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ, ಕೆಂಗೇರಿಯಲ್ಲಿ ಇಳಿದು, ಆಟೊ ಹಿಡಿಯುತ್ತೇವೆ. ಟ್ರ್ಯಾಕ್ಟರಿನವರು ಉತ್ತು ಕೊಡುತ್ತಾರೆ. ರಾಗಿ ಹಾಕಿ, ನಡುನಡುವೆ ಅವರೆಯ ಸಾಲು ಬಿಡುತ್ತೇವೆ. ಅದಕ್ಕೆ ಅಕ್ಕಡಿ ಸಾಲು ಅನ್ನುತ್ತಾರೆ. ರಾಗಿ ಕೊಯ್ದ ಮೇಲೂ ಅವರೆ ನಿಂತಿರುತ್ತದೆ, ಅದರ ಎಲೆ ಉದುರಿ ಮಣ್ಣಿಗೇ ಗೊಬ್ಬರ. ಅದು ಅತ್ತೆ ಕಲಿಸಿದ ಬೇಸಾಯ.

ಬೀಜವೂ ಅತ್ತೆಯದೇ. ಕೆಮ್ಮಣ್ಣು ಕಟ್ಟಿ ಇಟ್ಟಿದ್ದರು. ಅಂದರೆ ಕೆಂಪು ಮಣ್ಣನ್ನು ನೀರಲ್ಲಿ ಕಲಸಿ, ಕಾಳಿಗೆಲ್ಲ ಮೆತ್ತಿ, ಬಿಸಿಲಲ್ಲಿ ಒಣಗಿಸಿ ಗಡಿಗೆಗೆ ತುಂಬುವುದು. ಹಾಗೆ ಮಾಡಿದರೆ ಹುಳ ಮುಟ್ಟುವುದಿಲ್ಲ. ಒಳಗಿನ ಕಾಳು ಕಪ್ಪೋ ಬಿಳಿಯೋ ಸಣ್ಣದೋ ದಪ್ಪವೋ ಕಾಣುವುದಿಲ್ಲ, ಎಲ್ಲವೂ ಒಂದೇ ಕೆಂಪು. ಭಾಗವಾದ ವರ್ಷ ನಮಗಿಬ್ಬರಿಗೂ ಅತ್ತೆ ಅದನ್ನು ಅಳೆದು ಕೊಟ್ಟರು.

ನಾನು ಮನೆಗೆ ತಂದು ತೊಳೆದೆ. ಒಳಗೆ ನೋಡಿದರೆ ಸಂತೆ! ಕಂದು, ಬಿಳಿ, ಕಪ್ಪು, ಕೆಂಚು, ಚುಕ್ಕೆಯದು. ಮೊರದಲ್ಲಿ ಹರಡಿಕೊಂಡು ದಪ್ಪನೆಯ ಕಂದು ಕಾಳನ್ನಷ್ಟೇ ಬಿತ್ತನೆಗೆ ಇಟ್ಟುಕೊಂಡೆ, ಉಳಿದದ್ದು ಸಾರಿಗೆ ಹೋಯಿತು. ಪ್ರತಿ ವರ್ಷವೂ ಹಾಗೆಯೇ. ಬಣ್ಣ ಬೇರೆಯಾದ ಹೂ ಕಂಡರೆ ಗಿಡವನ್ನೇ ಕಿತ್ತೆ. ಬರಬರುತ್ತ ನನ್ನ ಅವರೆ ಒಂದೇ ಎತ್ತರ, ಒಂದೇ ಬಣ್ಣ, ಒಂದೇ ವಾರದಲ್ಲಿ ಹೂವು. ಬದುವಿನ ಮೇಲೆ ನಿಂತು ನೋಡುವಾಗ ನನಗೇ ದೃಷ್ಟಿ ತೆಗೆಯಬೇಕು ಅನ್ನಿಸುತ್ತಿತ್ತು.

ಆಚೆ ಅವಳದು? ಒಂದು ಗಿಡ ಕಾಯಿ ಬಿಟ್ಟಿದ್ದರೆ ಪಕ್ಕದ್ದು ಮೊಗ್ಗೇ ಬಿಟ್ಟಿರುವುದಿಲ್ಲ. ಅವಳು ಆರಿಸುವವಳೇ ಅಲ್ಲ. ಕಾಯಿ ಒಣಗಿತೋ, ಬಡಿದಳೋ, ಬಂದದ್ದರಲ್ಲಿ ಬೊಗಸೆ ಬೊಗಸೆ ಎತ್ತಿಟ್ಟು ಕೆಮ್ಮಣ್ಣು ಕಟ್ಟಿದಳೋ, ಮುಗಿಯಿತು. ಆದರೂ ಅವಳ ಅವರೆಯ ಸೊಗಡು ಹೆಚ್ಚು ಅಂತ ಅತ್ತೆ ಬಾಯಿ ಚಪ್ಪರಿಸುತ್ತಿದ್ದರು. ಅತ್ತೆ ಅವಳಿಗೆ ಒಳ್ಳೆಯ ಬೀಜ ಕೊಟ್ಟು, ನನಗೆ ಬೇರೆ ಗಡಿಗೆಯಿಂದ ಹಾಕಿದ್ದಾರೆ ಅನ್ನುವ ಅನುಮಾನ ನನಗೆ ಆಗಲೇ ಬಂದಿತ್ತು. ಕೇಳಲಿಲ್ಲ. ನುಂಗಿಕೊಂಡೆ.

ಹೀಗಿರುವಾಗ ಸುತ್ತಿನ ಹಳ್ಳಿಗಳ ಹೆಂಗಸರ ಒಂದು ಸಂಘದವರು ನಮ್ಮನ್ನು ಹುಡುಕಿಕೊಂಡು ಬಂದರು. ಅವರು ಔಷಧಿ ಹೊಡೆಯದೆ ಬೇಸಾಯ ಮಾಡುವವರು. ಬೀಜದ ಅಂಗಡಿಯಲ್ಲಿ ಸಿಗುವುದು ವರ್ಷವಿಡೀ ಕಾಯಿ ಬಿಡುವ ಅವರೆ. ಔಷಧಿಯಿಲ್ಲದೆ ನಿಲ್ಲುವುದಿಲ್ಲ, ಸೊಗಡೂ ಇಲ್ಲ. ಆಷಾಢದಲ್ಲಿ ಬರಬೇಕಾದ ಮಳೆ ಈಗ ಕಾರ್ತಿಕದಲ್ಲಿ ಸುರಿಯುತ್ತದೆ, ಅದನ್ನು ತಡೆದುಕೊಳ್ಳುವ ಹಳೆಯ ಬೀಜ ಬೇಕು ಅಂದರು. ಒಂದು ಬೆಳೆ ಪೂರ್ತಿ ನಮ್ಮಿಬ್ಬರ ಹೊಲವನ್ನೂ ನೋಡಿ, ಒಂದನ್ನು ಆರಿಸಿ, ಅದನ್ನೇ ಎಲ್ಲ ಊರುಗಳಲ್ಲಿ ಬೆಳೆಸುತ್ತಾರಂತೆ.

ನನ್ನ ಬೀಜವೇ ಹೋಗಬೇಕು. ಆ ವರ್ಷ ನನಗೆ ಬೇರೆ ಆಸೆಯೇ ಇರಲಿಲ್ಲ. ಅಂಗಡಿಯಲ್ಲಿ ಕತ್ತರಿ ಹಿಡಿದಿದ್ದರೂ ಮನಸ್ಸು ಹೊಲದಲ್ಲಿ. ಓರಗಿತ್ತಿ ಮಾತ್ರ ಮೆಟ್ರೊದಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಹೊಡೆಯುತ್ತಿದ್ದಳು. ಗೆದ್ದರೆ ಗೆದ್ದೆ, ಇಲ್ಲದಿದ್ದರೆ ಇಲ್ಲ ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಕಾರ್ತಿಕ ಬಂತು. ನನ್ನ ಹೊಲ ತುಂಬ ಹೂವು. ಸಂಘದವರು ಬಂದು ನೋಡಿ ತಲೆದೂಗಿದರು. ಅದರ ಮರುದಿನವೇ ಮಳೆ ಹಿಡಿಯಿತು, ಬಿಡಲೇ ಇಲ್ಲ. ಮೋಡ ಚದುರಿದ ಮೇಲೆ ಹೋಗಿ ನೋಡಿದರೆ ಹೂವೆಲ್ಲ ಕೆಸರಿನಲ್ಲಿತ್ತು. ಎಲ್ಲ ಗಿಡಗಳೂ ಒಂದೇ ವಾರದಲ್ಲಿ ಹೂ ಬಿಟ್ಟಿದ್ದವು, ಆ ವಾರವೇ ಮಳೆ ಬಂದಿತ್ತು. ಎರಡನೆಯ ಸಲ ಬಿಟ್ಟ ಹೂ ಕಡಿಮೆ, ಕಾಯಿ ಇನ್ನೂ ಕಡಿಮೆ.

ಬದುವಿನ ಆಚೆಯೂ ಅದೇ ಮಳೆ, ಅದೇ ಮಣ್ಣು. ಅವಳಿಗೂ ನಷ್ಟವಾಗಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅವಳಲ್ಲಿ ಬೇಗ ಹೂ ಬಿಟ್ಟ ಗಿಡಗಳು ಆಗಲೇ ಕಾಯಿ ಕಟ್ಟಿದ್ದವು, ತಡವಾಗಿ ಬಿಡುವವು ಇನ್ನೂ ಮೊಗ್ಗನ್ನೇ ಬಿಟ್ಟಿರಲಿಲ್ಲ. ಚಳಿ ಇಳಿಯುತ್ತಿದ್ದಂತೆ ಅವು ನೇರಳೆ, ಬಿಳಿ ಹೂಗಳನ್ನು ಬಿಡುತ್ತಲೇ ಹೋದವು. ಪುಷ್ಯದಲ್ಲಿ ಅವಳ ಹೊಲದ ಸೊಗಡು ನನ್ನ ಹೊಲಕ್ಕೆ ಬಂದು ಮೂಗಿಗೆ ಹೊಡೆಯುತ್ತಿತ್ತು. ನಾನು ಬದುವಿಗೆ ಬೆನ್ನು ಹಾಕಿ ಕೆಲಸ ಮಾಡಿದೆ.

ಸಂಘದ ಹಿರಿಯ ಹೆಂಗಸು ನನ್ನ ಮನಸ್ಸು ನೋಯದ ಹಾಗೆ ಹೇಳಲು ತುಂಬ ಹೊತ್ತು ತಡಕಾಡಿದಳು.

"ನಿಮ್ದು ನೋಡೋಕೆ ಚೆಂದ ಕಣಮ್ಮ. ಆದ್ರೆ ಎಲ್ಲಾ ಒಟ್ಟಿಗೇ ಹೂ ಬಿಡ್ತವೆ. ಈಗಿನ ಮಳೆ ನಂಬೋಕಾಗಲ್ಲ. ನಮಗೆ ಮುಂದಾಗೋ ಗಿಡನೂ ಬೇಕು, ಹಿಂದಾಗೋ ಗಿಡನೂ ಬೇಕು. ಆ ಕಡೇದು ಕೊಡಿ."

ಮನೆಗೆ ಬಂದವಳೇ ಅತ್ತೆಯ ಮುಂದೆ ಕೂತೆ. ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ. ಅವಳಿಗೆ ಬೇರೆ ಬೀಜ ಕೊಟ್ಟಿದ್ದಿರಿ ಅಲ್ಲವೇ ಅಂದೆ. ಅತ್ತೆ ಸೊಪ್ಪು ಬಿಡಿಸುತ್ತಿದ್ದರು, ತಲೆ ಎತ್ತಲಿಲ್ಲ.

"ಒಂದೇ ಗಡಿಗೆ ಕಣೇ. ನಿಂಗೇ ಮೊದ್ಲು ಅಳ್ದಿದ್ದು. ಹಿರೀಳು ಅಂತ ಒಂದು ಸೇರು ಜಾಸ್ತೀನೇ ಹಾಕ್ದೆ."

ಅದಕ್ಕಿಂತ ಬೇರೆ ಗಡಿಗೆ ಅಂದಿದ್ದರೆ ಚೆನ್ನಾಗಿತ್ತು. ಬೈಯಲು ಒಬ್ಬರಾದರೂ ಸಿಗುತ್ತಿದ್ದರು. ಅವಳ ಹೊಲದಲ್ಲಿ ಮಳೆ ಕಳೆದ ಮೇಲೆ ಹೂ ಬಿಟ್ಟ ಕಪ್ಪು ಕಾಳು ನನ್ನ ಮೊರದಲ್ಲೂ ಇತ್ತು. ಅದನ್ನು ನಾನು ಆರಿಸಿ ಆರಿಸಿ, ಬೇಯಿಸಿ, ಒಗ್ಗರಣೆ ಹಾಕಿ ತಿಂದಿದ್ದೆ. ಶ್ರದ್ಧೆಯಿಂದ ಮಾಡಿದ ಕೆಲಸ ನನ್ನನ್ನು ಸೋಲಿಸಿತು, ಸೋಮಾರಿತನ ಅವಳನ್ನು ಗೆಲ್ಲಿಸಿತು. ಇದು ನ್ಯಾಯವೇ? ನನಗೆ ಇವತ್ತಿಗೂ ಅನ್ನಿಸುವುದಿಲ್ಲ.

ಬಿತ್ತನೆಗೆ ಮುಂಚೆ ಒಂದು ಬೆಳಿಗ್ಗೆ ಸಂಘದ ಹೆಂಗಸರು ಮೂಡಲಪಾಳ್ಯಕ್ಕೆ ಬೀಜ ಕೊಂಡೊಯ್ಯಲು ಬಂದರು. ಅಂಗಳ ತುಂಬಿತು. ಅವಳ ಗಡಿಗೆಯನ್ನು ಮೇಲಿನಿಂದ ಇಳಿಸಿ ತಂದರು. ಈ ಬೀಜಕ್ಕೆ ಏನಂತ ಹೆಸರಿಡೋಣ, ನಾಲ್ಕು ಊರಿಗೆ ಹೋದ ಮೇಲೆ ಏನಾದರೂ ಅಂತ ಕರೆಯಬೇಕಲ್ಲ ಅಂತ ಹಿರಿಯ ಹೆಂಗಸು ಕೇಳಿದಳು.

ನಾನು ತಟಕ್ಕನೆ ಅತ್ತೆಯ ಹೆಸರು ಹೇಳಿದೆ. ಬೀಜ ಅವರದ್ದೇ, ಅವರ ಹೆಸರೇ ಇರಲಿ ಅಂದೆ. ಎಲ್ಲರೂ ನನ್ನ ದೊಡ್ಡ ಮನಸ್ಸಿಗೆ ಬೆರಗಾದರು. ಮನಸ್ಸು ದೊಡ್ಡದೇನೂ ಆಗಿರಲಿಲ್ಲ. ಅವಳ ಹೆಸರೊಂದು ಅಂಟದಿದ್ದರೆ ಸಾಕಾಗಿತ್ತು. ಓರಗಿತ್ತಿ ಕೂಡ ಹೌದು ಹೌದು, ಅತ್ತೆ ಹೆಸರೇ ಸರಿ ಅಂದಳು.

ಅತ್ತೆ ಕುರ್ಚಿಯಲ್ಲಿ ಕೂತಲ್ಲಿಂದಲೇ ಕೈ ಆಡಿಸಿದರು.

"ನಂದ್ಯಾಕೆ? ನಾನು ಕೊಟ್ಟು ಕೈ ತೊಳ್ಕೊಂಡೆ. ಇದ್ದದ್ದು ಇದ್ದ ಹಾಗೆ ಉಳ್ಸಿದ್ದು ಕಿರೀಳು. ಕಿರಿಸೊಸೆ ಅವರೆ ಅಂತ್ಲೇ ಕರೀರಿ."

ಹೆಂಗಸರ ಬಾಯಲ್ಲಿ ಅದು ಆ ಗಳಿಗೆಯಲ್ಲೇ ಓಡಾಡಿತು. ಕಿರಿಸೊಸೆ ಅವರೆ ನನಗೊಂದು ಸೇರು, ನನಗೆರಡು. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ನಕ್ಕಳು.

ನಮ್ಮಲ್ಲಿ ಮನೆಯಿಂದ ಬಿತ್ತನೆ ಬೀಜ ಹೊರಗೆ ಹೋಗುವಾಗ ಅಳೆದು ಕೊಡಬೇಕಾದವಳು ಹಿರಿಸೊಸೆ. ಸೇರು ನನ್ನ ಕೈಗೇ ಬಂತು. ಮೊದಲನೆಯವಳು ಮಡಿಲು ಒಡ್ಡಿ ನಿಂತಳು. ಮೊದಲ ಅಳತೆಗೆ ಒಂದು ಅನ್ನುವ ಹಾಗಿಲ್ಲ, ಲಾಭ ಅನ್ನಬೇಕು. ಪಡೆದವರಿಗೆ ಬೆಳೆ ಹುಲುಸಾಗಲಿ ಅಂತ, ಎಲ್ಲರಿಗೂ ಕೇಳುವ ಹಾಗೆ ಅನ್ನಬೇಕು. ಸೇರು ತುಂಬಿಸಿ ಎತ್ತಿದೆ. ಮಡಿಲ ಮೇಲೆಯೇ ಹಿಡಿದು ನಿಂತೆ. ಅಂಗಳವೆಲ್ಲ ನನ್ನ ಬಾಯನ್ನೇ ನೋಡುತ್ತಿತ್ತು.

"ಹೇಳಿ ಅಕ್ಕ," ಅಂದಳು ಓರಗಿತ್ತಿ, ಮೆಲ್ಲಗೆ. ಅವಳೀಗ ನಗುತ್ತಿರಲಿಲ್ಲ.

ಲಾಭ ಅಂದೆ. ಜೋರಾಗಿಯೇ ಅಂದೆ. ಮಡಿಲಿಗೆ ಸುರಿದೆ, ಮುಂದಿನವಳು ಸೆರಗು ಒಡ್ಡಿದಳು. ಕೈ ನೋಯುತ್ತದೆ, ನಾನು ಸ್ವಲ್ಪ ಅಳೆಯುತ್ತೇನೆ ಅಂತ ಓರಗಿತ್ತಿ ಎರಡು ಸಲ ಕೈ ಚಾಚಿದಳು. ಗಡಿಗೆ ಬರಿದಾಗುವವರೆಗೂ ಅವಳಿಗೆ ಸೇರು ಮುಟ್ಟಲು ನಾನು ಬಿಡಲಿಲ್ಲ.